ಹೊಳಿ ಕಾಣವಲ್ದು

ಜುಲೈ 14, ಸೋಮವಾರ

ಏಳಲಿಲ್ಲ. ಅಂಗಡಿ ಬಾಗಿಲು ತೆಗೆದಾಗಿನಿಂದ ಎಬ್ಬಿಸುತ್ತಿದ್ದೇನೆ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತದೆ, ಅಷ್ಟೇ. ರಂಗಂಪೇಟೆಯಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಮೌನೇಶ್ವರಿಯ ಅಂಗಡಿಗೆ ಹೋಗಿ ಎನ್ನುತ್ತಾರೆ. ನನ್ನ ಆ ಹೆಸರಿಗೆ ಮಸಿ ಬಳಿಯಲು ಮುಜಫರ ಬಿಟ್ಟುಹೋದ ಒಂದು ಹಾರ್ಡ್ ಡಿಸ್ಕ್ ಸಾಕಾಯಿತು.

ಮುಜಫರ ಹೋದ ವರ್ಷದವರೆಗೆ ಇದೇ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡುತ್ತಿದ್ದವನು. ನಮ್ಮೂರು ಗಂಗಿನಾಳದ ಹೊಳೆದಂಡೆಗೆ ಮೂರು ಸೈರನ್ ಡಬ್ಬಿ ಮಾಡಿಕೊಟ್ಟವನೂ ಅವನೇ. ಕಂಬದ ಮೇಲೆ ಡಬ್ಬಿ, ಅದರೊಳಗೆ ಒಂದು ಹಳೆಯ ಪುಟ್ಟ ಕಂಪ್ಯೂಟರು, ಕೆಳಗೆ ನೀರಿನ ಎತ್ತರ ಅಳೆಯುವ ಒಂದು ಸಾಧನ. ಅದನ್ನು ಊರವರು ಕಣ್ಣು ಎಂದು ಕರೆಯುತ್ತಾರೆ. ಹೊಳೆ ಆರಾಮಿದ್ದರೆ ಹಸಿರು ದೀಪ. ನೀರು ಏರಿದರೆ ಕೆಂಪು ದೀಪ, ಜೊತೆಗೆ ಸೈರನ್. ಡಬ್ಬಿಯೇ ಕೆಟ್ಟರೆ ದೀಪವೇ ಇಲ್ಲ. ಆಗ ಊರವರು ಪಾಳಿ ಹಚ್ಚಿಕೊಂಡು ದಂಡೆಯ ಮೇಲೆ ಕೂತು ಹೊಳೆ ಕಾಯಬೇಕು. ಆ ಪುಟ್ಟ ಕಂಪ್ಯೂಟರಿಗೆ ಹೊಂದುವ ಹಾಗೆ ಮುಜಫರ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಕತ್ತರಿಸಿ ಹೊಲಿದು, ಅದರ ಇಡೀ ಪ್ರತಿಯನ್ನು, ಅಂದರೆ ಇಮೇಜನ್ನು, ಈ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದ. ಆಮೇಲೆ ಕೆಲಸ ಸಿಕ್ಕಿತೆಂದು ರಿಯಾದಿಗೆ ಹೋದ. ಹೋದ ವಾರ ಸಿಡಿಲು ಬಡಿದು ಮೂರೂ ಡಬ್ಬಿಗಳ ಮೆಮೊರಿ ಕಾರ್ಡು ಸುಟ್ಟಿವೆ. ಈಗ ಉಳಿದಿರುವುದು ಈ ಇಮೇಜು ಒಂದೇ, ಅದು ಹೀಗೆ ಮುಷ್ಕರ ಹೂಡಿದೆ.

ಅವ್ವನಿಗೆ ಫೋನು ಮಾಡಿದೆ. ದಿನಾ ಮೊದಲು ಕೇಳುವುದನ್ನೇ ಕೇಳಿದೆ: "ಹೊಳಿ ಹೆಂಗೈತಿ?"

"ಹೊಳಿ ಆರಾಮ ಐತಿ. ನಾ ಆರಾಮ ಇಲ್ಲ" ಎಂದಳು. ಇವತ್ತು ಪಾಳಿ ಅವಳದು. ಮಂಡಿನೋವಿನ ಮುದುಕಿ ಬೇವಿನ ಗಿಡದ ಕೆಳಗೆ ಗೋಣಿಚೀಲ ಹೊದ್ದು ಕೂತಿದ್ದಾಳೆ. ನನಗೆ ಊಟ ಸೇರಲಿಲ್ಲ.

ಜುಲೈ 16, ಬುಧವಾರ

ಭಾಗಣ್ಣ ಕಾಕಾ ಅಂಗಡಿಗೆ ಬಂದಿದ್ದ. ನಮ್ಮೂರ ಮೀನುಗಾರರ ಹಿರಿಯ. ಹೊಳೆಯ ವಿಷಯದಲ್ಲಿ ಅವನ ಮಾತು ದಾಟುವವರಿಲ್ಲ. ಇಮೇಜನ್ನು ಇದ್ದ ಹಾಗೇ ಕಾರ್ಡಿಗೆ ಹಾಕಿ, ಕಂಬದ ಮೇಲೇ ಒಮ್ಮೆ ಸೈರನ್ ಕೂಗಿಸಿ ನೋಡಿಬಿಡೋಣ ಎಂದೆ. ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟು ಎದ್ದ.

"ನೀರಿಲ್ಲದಾಗ ನೀರು ಬಂತು ಅಂತ ಕೂಗಬಾರದವ್ವಾ. ಕರದ್ರ ಹೊಳೆವ್ವ ಬರ್ತಾಳ. ಹೋದ ವರ್ಷ ಮುಜಫರ ಟೆಸ್ಟು ಅಂತ ಕೂಗ್ಸಿದ. ವಾರ ಆಗಿದ್ದಿಲ್ಲ, ನನ್ನ ಹರಗೋಲು ಒಯ್ದಳು."

"ಸೈರನ್ ವೈರ್ ಬಿಚ್ಚತೀನಿ ಕಾಕಾ. ಬರೇ ಕೆಂಪು ದೀಪ ಹತ್ತತೈತಿಲ್ಲೋ ನೋಡೋಣು."

"ದೀಪ ಹಚ್ಚಿದ್ರೂ ಕರದಂಗ. ಆಕಿಗಿ ಬರೇ ಕಿವಿ ಅದಾವಂತ ತಿಳದಿ ಏನ? ನೀ ಏನ್ ಪರೀಕ್ಷಾ ಮಾಡ್ತಿ, ಇಲ್ಲೇ ನಿನ್ನ ಅಂಗಡ್ಯಾಗ ಮಾಡು. ಬರೋಬರಿ ಐತಿ ಅಂತ ನೀ ಅಂದ್ರ ನಾವು ಕಂಬಕ್ಕ ಏರಸ್ತೀವಿ."

ಕಲಬುರಗಿಯಲ್ಲಿ ಡಿಪ್ಲೊಮಾ ಓದಿದವಳು, ನಗಬೇಕಿತ್ತು. ನಗು ಬರಲಿಲ್ಲ. ಚಿಕ್ಕವಳಿದ್ದಾಗ ಆಟಕ್ಕೆಂದು ನೀರು ಬಂತೋ ಎಂದು ಕೂಗಿದ್ದಕ್ಕೆ ಅವ್ವ ನನ್ನ ಬಾಯಿ ಮೇಲೆ ಹೊಡೆದಿದ್ದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ.

ಹಾಗಾಗಿ ಉಳಿದದ್ದು ವರ್ಚುವಲ್ ಮಷೀನು. ಕಂಪ್ಯೂಟರಿನೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರು ಕಟ್ಟಿ, ಅದರಲ್ಲಿ ಇಮೇಜನ್ನು ಎಬ್ಬಿಸುವುದು. ಅಲ್ಲಿ ಎಷ್ಟು ಕೂಗಿಸಿದರೂ ಹೊಳೆಗೆ ಕೇಳಿಸುವುದಿಲ್ಲ. ಆದರೆ ಎದ್ದರೆ ತಾನೇ ಕೂಗುವುದು!

ಜುಲೈ 19, ಶನಿವಾರ

ಸುಳ್ಳು ಕಂಪ್ಯೂಟರನ್ನು ಹೊಸ ರೀತಿಯಲ್ಲಿ ಶುರುವಾಗುವಂತೆ ಇಟ್ಟಿದ್ದೆ. ಇಮೇಜು ಹಳೆ ಕಾಲದ್ದು. ಶುರುವಾಗುವ ರೀತಿಯನ್ನು ಬದಲಿಸಿದ ಮೇಲೆ ಬಿಳಿ ಗೆರೆ ಹೋಗಿ ಅಕ್ಷರಗಳು ಸರಸರ ಓಡಿದವು. ಖುಷಿಯಿಂದ ಚಪ್ಪಾಳೆ ತಟ್ಟಿದೆ. ಝೆರಾಕ್ಸಿಗೆ ಬಂದಿದ್ದ ಮಾಸ್ತರರು ನನ್ನನ್ನು ಒಂಥರಾ ನೋಡಿದರು. ಅಷ್ಟರಲ್ಲಿ ಇಮೇಜು ಮತ್ತೆ ನಿಂತಿತು. ಡಿಸ್ಕ್ ಸಿಗುತ್ತಿಲ್ಲವಂತೆ. ತಾನೇ ಡಿಸ್ಕಿನೊಳಗೆ ಕೂತುಕೊಂಡು ಡಿಸ್ಕ್ ಎಲ್ಲಿ ಎಂದು ಕೇಳುತ್ತದೆ.

ಜುಲೈ 20, ಭಾನುವಾರ

ಊರಿಗೆ ಹೋಗಿದ್ದೆ. ಮನೆಗಿಂತ ಮೊದಲು ಹೊಳೆಗೆ ಹೋದೆ, ಯಾವತ್ತಿನ ಹಾಗೆ. ನೀರು ಕೆಂಪಗೆ, ಅವಸರವಿಲ್ಲದೆ ಹರಿಯುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟೆ. ತಲೆ ಹಗುರಾಯಿತು.

ದಂಡೆಯ ಪಾಳಿಯಲ್ಲಿ ತಮ್ಮ ಭೀಮು ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಗೊಲ್ಲಾಳಮ್ಮ, ಬುತ್ತಿ ಬಿಚ್ಚಿಕೊಂಡು. ಮದುವೆಯಾಗಿ ಇನ್ನೂ ಮೊದಲ ಮಳೆಗಾಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸುಮ್ಮಸುಮ್ಮನೆ ನಗುತ್ತಾರೆ. ನಾನು ಬಂದದ್ದೂ ಅವರಿಗೆ ತಡವಾಗಿ ಗೊತ್ತಾಯಿತು.

"ಯಕ್ಕಾ, ಪಂಚಮಿಗಿ ಇಕೀನ್ನ ತವರಿಗಿ ಕರಕೊಂಡು ಹೋಗಬೇಕು. ಮೊದಲನೇ ಪಂಚಮಿ. ಜೋಕಾಲಿ ಕಟ್ಟ್ಯಾರಂತ" ಎಂದ ಭೀಮು. "ಪಾಳಿ ಬಿಟ್ಟು ಹೆಂಗ ಹೋಗಲಿ? ನಿನ್ನ ದೀಪ ಜಲ್ದಿ ಹಚ್ಚಿಕೊಡವಾ."

"ದೀಪ ಹಚ್ಚೂದು ಕಡ್ಡಿ ಗೀರಿದಂಗ ಅಂತ ತಿಳದೀ ಏನೋ?"

ಗೊಲ್ಲಾಳಮ್ಮ ಸೆರಗಿನಲ್ಲಿ ನಕ್ಕಳು. ಪಂಚಮಿಯೊಳಗೆ ಹಚ್ಚಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಜುಲೈ 24, ಗುರುವಾರ

ಡಿಸ್ಕ್ ಯಾಕೆ ಸಿಗಲಿಲ್ಲ ಎಂದು ಗೊತ್ತಾಯಿತು. ಮುಜಫರ ತನ್ನ ಡಬ್ಬಿಗೆ ಬೇಡವಾದ ಡ್ರೈವರ್ ಪ್ರೋಗ್ರಾಮುಗಳನ್ನೆಲ್ಲ ಕಿತ್ತು ಬಿಸಾಡಿದ್ದಾನೆ. ಸುಳ್ಳು ಕಂಪ್ಯೂಟರಿನ ಡಿಸ್ಕ್ ಓದುವುದನ್ನು ಹುಡುಕಿ ಸೇರಿಸಿದೆ. ಇಮೇಜು ಮುಂದೆ ಸಾಗಿತು. ಇನ್ನೇನು ಎದ್ದಿತು ಅನ್ನುವಾಗ, ಇಂಗ್ಲಿಷು ಸಾಲುಗಳ ಕೆಳಗೆ ಒಂದು ಕನ್ನಡದ ಸಾಲು ಮೂಡಿತು:

ಹೊಳಿ ಕಾಣವಲ್ದು. ನಿಂತೇನಿ.

ಅಲ್ಲಿಗೆ ಮುಗಿಯಿತು. ಕೀಲಿಮಣೆ ಕುಟ್ಟಿದರೂ ಅಲುಗುವುದಿಲ್ಲ. ಮುಜಫರನ ತಮಾಷೆ ಇರಬೇಕು. ಅವನಿಗೆ ಇಂಥ ಚೇಷ್ಟೆ ಬಹಳ. ಆದರೆ ಖಾಲಿ ಅಂಗಡಿಯಲ್ಲಿ ಆ ಸಾಲು ನನ್ನನ್ನೇ ನೋಡುತ್ತಿದ್ದಂತಿತ್ತು. ಮಾನಿಟರ್ ಆಫ್ ಮಾಡಿದೆ.

ಅವನಿಗೆ ಮೆಸೇಜುಗಳ ಮೇಲೆ ಮೆಸೇಜು ಕಳಿಸಿದ್ದೇನೆ. ಒಂದೇ ಟಿಕ್ ತೋರಿಸುತ್ತಿದೆ, ಒಂದೂ ತಲುಪಿಲ್ಲ.

ಜುಲೈ 26, ಶನಿವಾರ

ಎದ್ದಿತು! ಎದ್ದಿತು!

ಗುಟ್ಟು ಇಷ್ಟೇ. ಇಮೇಜು ಏಳುವ ಮುಂಚೆ ಕಣ್ಣಿನಿಂದ ನೀರಿನ ಎತ್ತರ ಕೇಳುತ್ತದೆ. ನನ್ನ ಸುಳ್ಳು ಕಂಪ್ಯೂಟರಿಗೆ ಕಣ್ಣೆಲ್ಲಿಂದ ಬರಬೇಕು, ಹೊಳೆಯೆಲ್ಲಿಂದ ಬರಬೇಕು? ಉತ್ತರ ಬರುವುದಿಲ್ಲ, ಅದಕ್ಕೇ ನಿಲ್ಲುತ್ತದೆ. ನಾನೇ ಒಂದು ಹೊಳೆ ಮಾಡಿಕೊಟ್ಟೆ. ನಾಲ್ಕು ಸಾಲಿನ ಒಂದು ಸಣ್ಣ ಸ್ಕ್ರಿಪ್ಟು. ಯಾವಾಗ ಕೇಳಿದರೂ ಎರಡೂವರೆ ಮೀಟರು ಎನ್ನುತ್ತದೆ. ಇಮೇಜಿಗೆ ಅಷ್ಟೇ ಬೇಕಿತ್ತು. ಕೂಡಲೇ ಬರೆಯಿತು: ಹೊಳಿ ಕಾಣಾಕತ್ತೈತಿ. ಎಲ್ಲಾ ಆರಾಮ ಐತಿ.

ಸೈರನ್ನನ್ನೂ ಪರೀಕ್ಷಿಸಿದೆ. ಸ್ಪೀಕರಿನ ಸೌಂಡು ತೀರಾ ಸಣ್ಣದು ಮಾಡಿ, ಸ್ಕ್ರಿಪ್ಟಿನಲ್ಲಿ ಎರಡೂವರೆಯನ್ನು ಎಂಟು ಮಾಡಿದೆ. ತಕ್ಷಣ ಕೆಂಪು! ಸೈರನ್ನಿನ ಸಣ್ಣ ಸದ್ದು ಬಂದಾಗ ನನಗೇ ಗೊತ್ತಿಲ್ಲದೆ ಸ್ಪೀಕರಿನ ಮೇಲೆ ಕೈ ಮುಚ್ಚಿದ್ದೆ. ಎಂಟು ಎಂದು ಬಿಟ್ಟಿಡುವುದು ಅಪಶಕುನ ಅನಿಸಿ ಮತ್ತೆ ಎರಡೂವರೆ ಮಾಡಿ ಸೇವ್ ಮಾಡಿದೆ.

ಇಮೇಜನ್ನು ಕಾರ್ಡಿಗೆ ಹಾಕುವ ಮುಂಚೆ ಅದರೊಳಗೆ ಸೇರಿಸಿದ ಈ ಸ್ಕ್ರಿಪ್ಟನ್ನು ತೆಗೆಯಬೇಕು. ತೆಗೆಯದಿದ್ದರೂ ನಿಜವಾದ ಕಣ್ಣು ಸಿಕ್ಕಮೇಲೆ ಅದರ ಲೆಕ್ಕವೇ ಮುಂದಾಗುತ್ತದೆ ಅನಿಸುತ್ತದೆ. ನಾಳೆ ನೋಡಿದರಾಯಿತು.

ಜುಲೈ 28, ಸೋಮವಾರ

ನಿನ್ನೆ ಇಡೀ ದಿನ ಕರೆಂಟು ಆಟವಾಡಿಸಿತು. ಇವತ್ತು ಬೆಳಗ್ಗೆ ಬಂದ ಕೂಡಲೇ ಕಾರ್ಡುಗಳಿಗೆ ಕಾಪಿ ಹೊಡೆದೆ. ಆ ಸ್ಕ್ರಿಪ್ಟಿನ ನೆನಪಾಯಿತು. ಆದರೆ ಇಷ್ಟು ಕಾಡಿಸಿ ಎದ್ದ ಇಮೇಜನ್ನು ಮತ್ತೆ ಬಿಚ್ಚಲು ಕೈ ಬರಲಿಲ್ಲ. ನಡೆಯುತ್ತಿರುವ ಯಂತ್ರವನ್ನು ಮುಟ್ಟಬಾರದು. ಈ ಕಸುಬಿಗೆ ಬಂದ ಮೇಲೆ ಕಲಿತ ಪಾಠ ಇದೊಂದೇ.

ಮಧ್ಯಾಹ್ನ ಭೀಮು ಕಂಬ ಹತ್ತಿ ಕಾರ್ಡು ಹಾಕಿದ. ಮೂರೂ ಡಬ್ಬಿ ತಡವರಿಸದೆ ಎದ್ದವು. ಮೂರು ಹಸಿರು ದೀಪ. ಭಾಗಣ್ಣ ಕಾಕಾ ತೆಂಗಿನಕಾಯಿ ಒಡೆದು ಕಂಬಗಳಿಗೆ ಕುಂಕುಮ ಹಚ್ಚಿದ. "ಇನ್ನ ಪಾಳಿ ಸಾಕ್ರೆಪ್ಪಾ. ಮನಿಗಿ ಹೋಗಿ ಕಾಲು ಚಾಚಿ ಮಕ್ಕೋರ್ರಿ" ಎಂದು ಘೋಷಿಸಿದ. ಅವ್ವ ನನ್ನ ಮುಖ ಸವರಿ ಲಟಿಕೆ ಮುರಿದಳು.

ಡಬ್ಬಿಗಳು ತಾಸಿಗೊಮ್ಮೆ ನನ್ನ ಫೋನಿಗೆ ಸುದ್ದಿ ಕಳಿಸುತ್ತವೆ. ಅವು ಹೇಳುತ್ತವೆ, ನಾವು ಹೇಳಿದ್ದನ್ನು ಕೇಳುವುದಿಲ್ಲ, ಭಾಗಣ್ಣ ಕಾಕಾನ ಹಾಗೆ. ಏನಾದರೂ ಬದಲಿಸಬೇಕೆಂದರೆ ಕಂಬವನ್ನೇ ಹತ್ತಬೇಕು.

ಜುಲೈ 29, ನಾಗರ ಪಂಚಮಿ

ಗೊಲ್ಲಾಳಮ್ಮ ಜೋಕಾಲಿಯಲ್ಲಿ ಕೂತ ಫೋಟೊ ಭೀಮು ಕಳಿಸಿದ್ದಾನೆ. ಹಸಿರು ಬಳೆ, ಬಾಯಿ ತುಂಬಾ ನಗು. ಜೋಕಾಲಿ ತೂಗುತ್ತಿರುವ ಅವನ ಕೈ ಮಾತ್ರ ಕಾಣುತ್ತದೆ. ಅಳ್ಳಿಟ್ಟಿನ ಉಂಡೆ ತಿಂದೆ. ಸುಖವಾಗಿದ್ದೇನೆ.

ಆಗಸ್ಟ್ 6, ಬುಧವಾರ

ಮಳೆ ಬಿಟ್ಟಿಲ್ಲ. ಭಾನುವಾರ ಊರಿಗೆ ಹೋಗಲಿಲ್ಲ, ಅಗತ್ಯವೂ ಇರಲಿಲ್ಲ. ಅಂಗಡಿಯ ಪರದೆಯ ಮೂಲೆಯಲ್ಲೂ ಡಬ್ಬಿಗೊಂದರಂತೆ ಮೂರು ಹಸಿರು ಚುಕ್ಕಿ ಇಟ್ಟುಕೊಂಡಿದ್ದೇನೆ. ಎರಡೂವರೆ, ಎರಡೂವರೆ, ಎರಡೂವರೆ. ಮುಜಫರನ ಕಾಲದಲ್ಲಿ ಒಂದು ಡಬ್ಬಿ ಒಂದು ಹೇಳಿದರೆ ಇನ್ನೊಂದು ಇನ್ನೊಂದು ಹೇಳುತ್ತಿತ್ತು. ನಾನು ಕೈ ಹಾಕಿದ ಮೇಲೆ ಮೂರೂ ಒಂದೇ ಮಾತಾಡುತ್ತವೆ. ಸ್ವಲ್ಪ ಜಂಬ ಬಂದಿದೆ, ಬರಲಿ.

ಅವ್ವ ಫೋನು ಮಾಡಿದ್ದಳು. ಮಳೆ, ಮಂಡಿ, ಆಡಿನ ಮರಿ ಎಲ್ಲಾ ಆದ ಮೇಲೆ ಕೇಳಿದಳು: "ಮೌನಿ, ಹೊಳಿ ಹೆಂಗೈತಿ?"

ಚುಕ್ಕಿಗಳನ್ನು ನೋಡಿದೆ. "ಆರಾಮ ಐತೇಳವಾ."

"ಹಂಗಾರ ಚಲೋ ಆತು" ಎಂದು ಫೋನು ಇಟ್ಟಳು.

ಆಗಸ್ಟ್ 12, ಮಂಗಳವಾರ

ಶಹಾಪುರದ ಒಂದು ಶಾಲೆಯವರು ಕಂಪ್ಯೂಟರುಗಳ ರಾಶಿ ತಂದು ಸುರಿದಿದ್ದಾರೆ. ಉಸಿರಾಡಲು ಪುರಸೊತ್ತಿಲ್ಲ. ಆ ನಡುವೆ ಗೊಲ್ಲಾಳಮ್ಮನ ಫೋನು. ಬಟ್ಟೆ ಒಗೆಯುವ ಕಲ್ಲು ಮುಳುಗಿದೆಯಂತೆ.

"ನೀರು ಏರ್ಯಾವೇನ ಅಂತ ಅನಸ್ತೈತಿ ಯಕ್ಕಾ."

"ಮಳಿಗಾಲದಾಗ ಕಲ್ಲು ಮುಳಗ್ದ ಇರತೈತೇನ? ಮುಂದ ಬರೂ ನೀರಿಗಂತನ ಡಬ್ಬಿ ಕೂತಾವು. ಫಿಕರ್ ಮಾಡಬ್ಯಾಡ."

ಪಾಪ, ಹೊಳೆಯಿಲ್ಲದ ಊರಿಂದ ಬಂದ ಹುಡುಗಿ. ಅವಳಿಗೆ ನೀರೆಂದರೆ ಭಯ. ನನ್ನ ದನಿ ಬಿರುಸಾಯಿತೇನೋ. ಕೆಲಸದ ಗಡಿಬಿಡಿ.

ಆಗಸ್ಟ್ 18, ಸೋಮವಾರ

ಊಟದ ಹೊತ್ತಿಗೆ ಭೀಮು ಫೋನು ಮಾಡಿದ.

"ಯಕ್ಕಾ, ಮ್ಯಾಲಿನ ಡ್ಯಾಮಿಂದ ನೀರು ಬಿಡಾಕತ್ತಾರಂತ ಗ್ರೂಪಿನಾಗ ಬಂದೈತಿ. ನಡುಗಡ್ಡಿ ಮ್ಯಾಲ ನಮ್ಮ ಆಡು ಅದಾವು, ಮೀನಿನ ಬಲಿನೂ ಅಲ್ಲೇ ಅದಾವು. ದೀಪ ಹಸಿರೈತಿ, ಕೆಂಪಾಗೂದ್ರೊಳಗ ಹೋಗಿ ಬಾ ಅಂತಾನ ಭಾಗಣ್ಣ ಕಾಕಾ. ನೀ ಏನಂತಿ?"

ಪರದೆ ನೋಡಿದೆ. "ಎರಡೂವರೆನ ಐತಿ. ಏರಿದ್ರ ಸೈರನ್ ಕೂಗತೈತಿ, ನಡುಗಡ್ಡಿ ತನಾ ಕೇಳಸತೈತಿ. ಆಡು ಹೊಡಕೊಂಡು ಬಂದ್ಬಿಡು."

"ನೀ ಅಂದ್ರ ಆತು ಯಕ್ಕಾ."

ಹರಗೋಲು ಹಾಕಲು ಹೋದ. ಶಾಲೆಯವರ ಕೆಲಸ ಇವತ್ತು ಮುಗಿಯಬಹುದು.

ಅದೇ ದಿನ

ಮುಜಫರನ ವಾಯ್ಸ್ ಮೆಸೇಜು ಬಂತು. ಊರಿಗೆ ಹೊರಟಿದ್ದೇನೆ. ದೇವರೇ.

ಆಗಸ್ಟ್ 20, ಬುಧವಾರ

ಊರ ಶಾಲೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ದಂಡೆಯ ಮನೆಗಳವರೆಲ್ಲ ಇಲ್ಲೇ ಇದ್ದಾರೆ. ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಮುಜಫರ ಹೇಳಿದ್ದು ಇದು. ಎಷ್ಟು ಸಲ ಕೇಳಿದ್ದೇನೆಂದರೆ ಬಾಯಿಪಾಠವಾಗಿದೆ:

"ಮೌನಿ ಅಕ್ಕಾ, ಮಾಫ್ ಮಾಡು. ಫೋನ್ ಕೆಟ್ಟಿತ್ತು. ನಿನ್ನ ಮೆಸೇಜೆಲ್ಲಾ ಇವತ್ತ ನೋಡಿದೆ. ಅದು ಅಂಗಡ್ಯಾಗ ಏಳಂಗಿಲ್ಲ. ಏಳಬಾರದಂತನ ಹಂಗ ಮಾಡೇನಿ. ಕಣ್ಣಿಗಿ ಹೊಳಿ ಕಾಣಲಿಲ್ಲಂದ್ರ ಡಬ್ಬಿ ಸತ್ತಂಗ ಇರಬೇಕು, ದೀಪ ಹತ್ತಬಾರದು. ದೀಪ ಇಲ್ಲಂದ್ರ ಮಂದಿ ಬಂದು ಕಾಯ್ತಾರಲ್ಲ! ನೀ ಸೀದಾ ಕಾರ್ಡಿಗಿ ಹಾಕು, ಕಂಬದ ಮ್ಯಾಲ ತಾನ ಏಳತೈತಿ. ಹೊಳಿ ಕೇಳೂ ಆ ಒಂದ ಲೈನ್ ಮಾತ್ರ ಮುಟ್ಟಬ್ಯಾಡ."

ಮೊನ್ನೆ ಅದನ್ನು ಕೇಳಿದ ಕೂಡಲೇ ಇಮೇಜನ್ನು ತೆರೆದು ನೋಡಿದೆ. ನನ್ನ ನಾಲ್ಕು ಸಾಲು ಬಾಗಿಲಲ್ಲೇ ಕೂತಿದ್ದವು. ನೀರೆಷ್ಟು ಎಂದು ಡಬ್ಬಿ ಕೇಳಿದಾಗಲೆಲ್ಲ ಅವೇ ಉತ್ತರ ಕೊಡುತ್ತಿದ್ದವು. ಪಂಚಮಿಯ ಹಿಂದಿನ ದಿನದಿಂದ ನಿಜವಾದ ಕಣ್ಣನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ.

ಭೀಮುಗೆ ಫೋನು ಮಾಡಿದೆ. ಎತ್ತಿದ್ದು ಗೊಲ್ಲಾಳಮ್ಮ. "ಫೋನು ಚಾರ್ಜಿಗಿ ಹಾಕಿ ಹೋಗ್ಯಾನ ಯಕ್ಕಾ."

"ದಂಡಿಗಿ ಓಡು. ನೀರು ಬಂತು ಅಂತ ಕೂಗು. ನಡುಗಡ್ಡಿಗಿ ಕೇಳಸೂವಂಗ ಕೂಗು!"

"ದೀಪ ಹಸಿರೈತಲ್ಲ ಯಕ್ಕಾ" ಎಂದಳು. "ಬರಲಾರದ ನೀರು ಬಂತಂತ ಹೆಂಗ ಕೂಗಲಿ? ಅವ ಹೊಳಿ ನಡುವ ಅದಾನ."

ನಾನು ಕಿರುಚಿದೆ, ಬೈದೆ. ಆಮೇಲೆ ಸ್ಕೂಟರ್ ಹತ್ತಿದೆ. ದಾರಿ ಹೇಗೆ ಸವೆಯಿತೋ ಗೊತ್ತಿಲ್ಲ. ನಾನು ಹೋಗುವಷ್ಟರಲ್ಲಿ ಹೊಳೆ ಬೇವಿನ ಗಿಡದ ಬುಡಕ್ಕೆ ಬಂದಿತ್ತು. ಅಷ್ಟು ಅಗಲದ ಹೊಳೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಡುಗಡ್ಡೆ ಇದ್ದಲ್ಲಿ ಜಾಲಿಗಿಡಗಳ ತುದಿ ಮಾತ್ರ ಕಾಣುತ್ತಿತ್ತು. ಎದುರಿನ ಕಂಬದ ಅರ್ಧಕ್ಕೆ ನೀರು. ಅದರ ಮೇಲೆ, ಮುಸ್ಸಂಜೆಯ ಮಬ್ಬಿನಲ್ಲಿ, ಹಸಿರು ದೀಪ.

ಗೊಲ್ಲಾಳಮ್ಮ ಆಗ ಕೂಗುತ್ತಿದ್ದಳು. ಗಂಟಲು ಹರಿದು ದನಿಯೇ ಹೊರಡುತ್ತಿರಲಿಲ್ಲ.

ಭಾಗಣ್ಣ ಕಾಕಾ ನನ್ನ ಕೈ ಹಿಡಿದುಕೊಂಡ. "ಆಕಿ ಏರಾಕತ್ತಿದ್ದು ನನಗ ಕಾಣಾಕತ್ತಿತ್ತು, ಮೌನಿ. ಇದ ಕಣ್ಣಿಲೆ ನೋಡಿದೆ. ಆದ್ರ ದೀಪ ಹಸಿರಿತ್ತು. ನಾ ಮುದುಕ, ನನಗ ತಪ್ಪು ಕಾಣಾಕತ್ತೈತೇನ ಅಂದಕೊಂಡೆ."

ನಿನ್ನೆ ಬೆಳಗ್ಗೆ ಹರಗೋಲು ಸಿಕ್ಕಿತು. ಬಹಳ ಕೆಳಗೆ, ಮುಳ್ಳುಕಂಟಿಯಲ್ಲಿ ಬೋರಲಾಗಿ. ಅದರಂಚಿಗೆ ಆಡು ಕಟ್ಟುವ ಹಗ್ಗ ಸುತ್ತಿಕೊಂಡಿತ್ತು. ಭೀಮು ಸಿಕ್ಕಿಲ್ಲ. ಹುಡುಕಲು ಬಂದವರು ದೋಣಿಯಲ್ಲಿ ಹೋಗುತ್ತಾರೆ, ಬರುತ್ತಾರೆ, ನಮ್ಮತ್ತ ನೋಡುವುದಿಲ್ಲ.

ನಾನೇ ಹೋಗು ಎಂದೆ. ನೀ ಅಂದ್ರ ಆತು ಅಂದ.

ಆಗಸ್ಟ್ 22, ಶುಕ್ರವಾರ

ಮತ್ತೆ ಪಾಳಿ ಹಚ್ಚಿದ್ದಾರೆ. ಇವತ್ತು ಸಂಜೆಯದು ನನ್ನದು. ಬೇಡವೆಂದು ಯಾರೂ ಅನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಅವ್ವ ನನ್ನ ಮುಂದೆ ರೊಟ್ಟಿ ಇಟ್ಟು ಹೋಗುತ್ತಾಳೆ.

ಗೊಲ್ಲಾಳಮ್ಮ ದಂಡೆ ಬಿಟ್ಟು ಎದ್ದಿಲ್ಲ. ಈಗ ಸ್ವಲ್ಪ ಹೊತ್ತಿನ ಹಿಂದೆ ನನ್ನ ಹತ್ತಿರ ಬಂದು ಕೂತಳು. ಅಂದಿನಿಂದ ಅವಳು ನನ್ನೊಡನೆ ಆಡಿದ್ದು ಇದೊಂದೇ ಮಾತು.

"ಯಕ್ಕಾ, ಆ ದೀಪ ಆರಸು. ನನಗ ನೋಡಾಕ ಆಗವಲ್ದು."

ಆರಿಸಲು ಕಂಬ ಹತ್ತಬೇಕು, ಕಂಬ ನೀರಿನ ನಡುವೆ ಇದೆ. ಅಲ್ಲಿಗೆ ದೋಣಿ ಬಿಡುವುದಿಲ್ಲ ಎನ್ನುತ್ತಾರೆ. ಮೇಲೆ ಸೋಲಾರ್ ಫಲಕ, ಒಳಗೆ ಬ್ಯಾಟರಿ. ಎಲ್ಲವನ್ನೂ ಮುಜಫರ ಗಟ್ಟಿಮುಟ್ಟಾಗಿ ಕಟ್ಟಿದ್ದಾನೆ. ಇದನ್ನೆಲ್ಲ ಅವಳಿಗೆ ಹೇಗೆ ಹೇಳಲಿ? ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಪಂಚಮಿಯ ಹಸಿರು ಬಳೆಗಳು ಇನ್ನೂ ಕೈಯಲ್ಲೇ ಇವೆ.

ಕತ್ತಲಾಗುತ್ತಿದೆ. ಹೊಳೆಯ ಮೇಲಿಂದ ಕಣ್ಣು ತೆಗೆದಿಲ್ಲ, ಬರೆಯುವಾಗ ಬಿಟ್ಟು. ನೀರು ನಿನ್ನೆಗಿಂತ ಒಂದು ಗೇಣು ಏರಿದೆ. ಫೋನು ಗುಂಯ್‌ಗುಟ್ಟಿತು, ಮುಜಫರ ಇರಬಹುದೆಂದು ತೆಗೆದೆ.

ಹೊಳಿ ಕಾಣಾಕತ್ತೈತಿ. ಎಲ್ಲಾ ಆರಾಮ ಐತಿ.